ದೀಪ ಹತ್ತುವ ಮುನ್ನ ತೀರಿಹೋದ ದಿವಾನರು

ಕಳೆದ ಬೇಸಗೆಯ ಒಂದು ಸಂಜೆ ನೆರೆಮನೆಯ ಹುಡುಗಿಯೊಬ್ಬಳು ಭೌತಶಾಸ್ತ್ರದ ಪುಸ್ತಕವನ್ನೂ ಒಂದು ನೋಟುಪುಸ್ತಕವನ್ನೂ ಎದೆಗವಚಿಕೊಂಡು ನಮ್ಮ ಮನೆಗೆ ಬಂದಳು. ಪಾವಗಡದ ಕಡೆಯವಳು, ಓದಿಗಾಗಿ ಮಧುಗಿರಿಯಲ್ಲಿ ತನ್ನ ಚಿಕ್ಕಮ್ಮನ ಮನೆಯಲ್ಲಿದ್ದಾಳೆ. ಕನ್ನಡದ ಅಧ್ಯಾಪಕನಾದ ನನ್ನ ಬಳಿ ಆ ಪುಸ್ತಕಕ್ಕೇನು ಕೆಲಸವೆಂದು ನಾನು ಬೆರಗಾದೆ. ಅವಳಿಗೆ ಬೇಕಾಗಿದ್ದುದು ಲೆಕ್ಕವಲ್ಲ, ಒಂದು ಪದದ ಅರ್ಥ. ದಿಷ್ಟೀಕರಣವೆಂದರೆ ಏನು, ಆ ಪದ ಎಲ್ಲಿಂದ ಬಂತು ಎಂದು ಕೇಳಿದಳು. ದಿಕ್ಕು, ದಿಶೆ, ಆದೇಶ ಎಂಬ ಮಾತುಗಳಿಗೆ ಮೂಲವಾದ ಧಾತುವೇ ಇದಕ್ಕೂ ಮೂಲ. ತೋರಿಸಿದ ದಾರಿಯಲ್ಲಿ ನಡೆಯುವಂತೆ ಮಾಡುವುದು ಎಂಬ ಭಾವ ಅದರಲ್ಲಿದೆ ಎಂದು ನನಗೆ ತಿಳಿದಷ್ಟು ಹೇಳಿದೆ. ಅವಳ ಮುಖ ಅರಳಿತು. ಹಾಗಾದರೆ ಅತ್ತಿತ್ತ ಓಲಾಡುವ ಪರ್ಯಾಯ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಯುವಂತೆ ಮಾಡುವುದಕ್ಕೆ ಆ ಹೆಸರು ಸರಿಯಾಗಿಯೇ ಇದೆ ಎಂದು ಒಪ್ಪಿಕೊಂಡಳು. ಪದವೊಂದು ವಿದ್ಯಾರ್ಥಿಯ ಒಪ್ಪಿಗೆಯನ್ನು ಪಡೆಯುವುದು ನಮ್ಮ ತರಗತಿಗಳಲ್ಲಿ ದಿನವೂ ನಡೆಯುವ ಸಂಗತಿಯಲ್ಲ.

ಅಷ್ಟಕ್ಕೇ ಬಿಡದೆ ಮುಂದಿನ ಪುಟವನ್ನೂ ತೆರೆದಳು. ಒಂದು ಪರಿವರ್ತಕದ ಪ್ರಾಥಮಿಕ ಸುರುಳಿಯಲ್ಲಿ 50 ಸುತ್ತು, ದ್ವಿತೀಯಕದಲ್ಲಿ 1,000 ಸುತ್ತು. ಮೊದಲನೆಯದಕ್ಕೆ 220 ವೋಲ್ಟ್ ಕೊಟ್ಟರೆ ಎರಡನೆಯದರಲ್ಲಿ ಎಷ್ಟು? ವಾಚಕರ ಮುಂದೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಸುಮಾರು ಮೂವತ್ತು ವರ್ಷಗಳ ಹಿಂದೆ, ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಅನಂತರ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಓದತೊಡಗಿದ ನಾನು, ಇಂಥದೇ ಲೆಕ್ಕದಲ್ಲಿ ಗುಣಿಸಬೇಕಾದಲ್ಲಿ ಭಾಗಿಸಿ, ಭಾಗಿಸಬೇಕಾದಲ್ಲಿ ಗುಣಿಸಿ, ಆ ವರ್ಷದ ಪರೀಕ್ಷೆಯನ್ನು ಕಳೆದುಕೊಂಡವನು. ಪಂಪನ ಬಳಿಗೆ ನಾನು ಬಂದದ್ದು ಭಕ್ತಿಯಿಂದ ಎಂದು ಹೇಳಿಕೊಳ್ಳುವುದುಂಟು. ಅದರಲ್ಲಿ ಅರ್ಧಪಾಲು ಪರಿವರ್ತಕದ ಭಯ. ಈಗ ಆ ಹುಡುಗಿಯ ಜೊತೆ ಕುಳಿತು ನೋಡಿದರೆ ಲೆಕ್ಕದಲ್ಲಿ ಭಯಪಡುವಂಥದು ಏನೂ ಇರಲಿಲ್ಲ. ಸುತ್ತು ಇಪ್ಪತ್ತು ಪಾಲಾದರೆ ವೋಲ್ಟೇಜೂ ಇಪ್ಪತ್ತು ಪಾಲಾಗಿ 4,400 ಆಗುತ್ತದೆ. ಪ್ರವಾಹ ಮಾತ್ರ ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಒಂದು ಕಡೆ ಏರಿದ್ದು ಇನ್ನೊಂದು ಕಡೆ ಇಳಿಯಲೇಬೇಕು, ಪರಿವರ್ತಕ ಹೊಸದಾಗಿ ಏನನ್ನೂ ಹುಟ್ಟಿಸುವುದಿಲ್ಲ. ಇಷ್ಟನ್ನು ಒಪ್ಪಿದ ಮೇಲೆ ಹುಡುಗಿ ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ಹೊಸದಾಗಿ ಏನೂ ಬರುವುದಿಲ್ಲವಾದರೆ, ವೋಲ್ಟೇಜನ್ನು ಇಷ್ಟು ಕಷ್ಟಪಟ್ಟು ಏರಿಸಿ, ಮತ್ತೆ ಊರ ಹೊರಗಿನ ಟಿ.ಸಿ.ಯಲ್ಲಿ ಇಳಿಸುವುದು ಏತಕ್ಕೆ?

ಆಗ ನನಗೆ ನೆನಪಾದವರು ಒಬ್ಬ ಭೌತಶಾಸ್ತ್ರಜ್ಞರಲ್ಲ, ಎಂಜಿನಿಯರರೂ ಅಲ್ಲ. ಕಾನೂನು ಓದಿದ ಒಬ್ಬ ಅಧಿಕಾರಿ. ಒಂದು ಕಾಲದಲ್ಲಿ ನಮ್ಮ ತುಮಕೂರು ಜಿಲ್ಲೆಯ ಡೆಪ್ಯುಟಿ ಕಮೀಷನರಾಗಿದ್ದವರು. ಅವರೇ ಸರ್ ಕೆ. ಶೇಷಾದ್ರಿ ಅಯ್ಯರ್.

ಬೆಂಗಳೂರಿಗೆ ಹೋದವರೆಲ್ಲ ಅವರ ಹೆಸರನ್ನು ಅರಿಯದೆಯೇ ಉಚ್ಚರಿಸುತ್ತಾರೆ. ಶೇಷಾದ್ರಿಪುರ ಅವರ ಹೆಸರಿನ ಬಡಾವಣೆ, ಶೇಷಾದ್ರಿ ರಸ್ತೆ ಅವರದು, ಕಬ್ಬನ್ ಉದ್ಯಾನದ ಕೆಂಪು ಗ್ರಂಥಾಲಯ ಭವನ ಅವರ ಸ್ಮಾರಕವಾಗಿ ಎದ್ದದ್ದು. ಸರ್ಕಾರಿ ಅತಿಥಿಗೃಹವಾಗಿರುವ ಕುಮಾರಕೃಪಾ ಅವರು ಬಾಳಿದ ಮನೆ. ಆದರೆ ಹೆಸರು ರಸ್ತೆಯಾದ ಕೂಡಲೇ ಮನುಷ್ಯ ಮರೆಯಾಗುವುದು ಲೋಕರೂಢಿ.

ಶೇಷಾದ್ರಿ ಅಯ್ಯರ್ ಹುಟ್ಟಿದ್ದು 1845ರ ಜೂನ್ 1ರಂದು, ಮಲಬಾರಿನ ಪಾಲಘಾಟಿನ ಬಳಿಯ ಕುಮಾರಪುರದಲ್ಲಿ. ಮನೆಮಾತು ತಮಿಳು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ 1868ರಲ್ಲಿ ಬಿ.ಎ. ಪದವಿ ಪಡೆದರು, ಅದೇ ವರ್ಷ ಮೈಸೂರಿನ ಸೇವೆಗೆ ಸೇರಿದರು. ಅವರನ್ನು ಇಲ್ಲಿಗೆ ಕರೆತಂದವರು, ಮುಂದೆ ತಾವೂ ದಿವಾನರಾದ ಸಿ. ರಂಗಾಚಾರ್ಲು. ಆಗ ಮೈಸೂರಿನ ಆಡಳಿತ ಬ್ರಿಟಿಷ್ ಕಮೀಷನರ ಕೈಯಲ್ಲಿತ್ತು. ಅರಸರಿಗೆ ರಾಜ್ಯ ಮರಳಿ ಬರಲು ಇನ್ನೂ ಹದಿಮೂರು ವರ್ಷಗಳಿದ್ದವು. ಯುವಕ ಶೇಷಾದ್ರಿ ಅಯ್ಯರ್ ಅಷ್ಟಗ್ರಾಮ ವಿಭಾಗದಲ್ಲಿ ನ್ಯಾಯಾಡಳಿತದ ಕೆಲಸದಿಂದ ಆರಂಭಿಸಿ, ಸೇವೆಯಲ್ಲಿರುವಾಗಲೇ ಕಾನೂನಿನ ಪದವಿಯನ್ನೂ ಪಡೆದು ಮೆಲ್ಲಗೆ ಮೇಲೇರಿದರು.

ಅವರು ತುಮಕೂರಿಗೆ ಬಂದದ್ದು 1879ರಲ್ಲಿ. ಆ ವರ್ಷವನ್ನು ನಮ್ಮ ಸೀಮೆಯವರು ನಿಂತು ನೋಡಬೇಕು. ಅದಕ್ಕೆ ಹಿಂದಿನ ಎರಡು ಮೂರು ವರ್ಷಗಳಲ್ಲಿ, 1876ರಿಂದ 1878ರವರೆಗೆ, ಧಾತು ಈಶ್ವರದ ಬರ ಎಂದು ಜನ ಇಂದಿಗೂ ನೆನೆಯುವ ಮಹಾಕ್ಷಾಮ ಮೈಸೂರನ್ನು ನುಂಗಿತ್ತು. 1871ರಲ್ಲಿ ಐವತ್ತು ಲಕ್ಷ ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರ ಎಣಿಕೆಯಲ್ಲಿ ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಆಗ ಮದ್ದಗಿರಿ ಎನಿಸಿಕೊಂಡಿದ್ದ ನಮ್ಮ ಮಧುಗಿರಿಯಾಗಲಿ, ಶಿರಾ ಕೊರಟಗೆರೆಗಳಾಗಲಿ ಒಳ್ಳೆಯ ವರ್ಷದಲ್ಲೂ ಮೋಡದ ಕಡೆಗೆ ಕತ್ತೆತ್ತಿ ಕುಳಿತಿರುವ ನಾಡು. ಕೆರೆಗಳುಂಟು, ತುಂಬುವ ನೆಚ್ಚಿಕೆಯಿಲ್ಲ. ಜಯಮಂಗಲಿ, ಸುವರ್ಣಮುಖಿಗಳುಂಟು, ವರ್ಷದ ಬಹುಭಾಗ ಮರಳೇ. ಬರ ಬಿಟ್ಟು ಹೋದ ಮರುವರ್ಷ ಇಂಥ ಜಿಲ್ಲೆಯ ಹೊಣೆಯನ್ನು ಹೊತ್ತ ಅಧಿಕಾರಿ ಏನೇನನ್ನು ಕಂಡಿರಬಹುದೆಂದು ನಾನು ಊಹಿಸಬಲ್ಲೆನೇ ಹೊರತು ಹೇಳಲಾರೆ. ಆದರೆ ಮುಂದೆ ದಿವಾನರಾದ ಮೇಲೆ ಅವರು ಹಿಡಿದ ದೊಡ್ಡ ಕೆಲಸಗಳೆಲ್ಲ ನೀರಿನ ಸುತ್ತಲೇ ಇವೆ ಎಂಬುದನ್ನು ಗಮನಿಸದೆ ಇರಲಾಗುವುದಿಲ್ಲ. ಹೆಸರಘಟ್ಟದಿಂದ ಬೆಂಗಳೂರಿಗೆ ಕೊಳವೆಯಲ್ಲಿ ನೀರು ಬಂದದ್ದು ಅವರ ಕಾಲದಲ್ಲಿ. ಶಿರಾದ ಮಗ್ಗುಲಿನ ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಗೆ ಮಾರಿಕಣಿವೆಯ ಕಟ್ಟೆ ಕಟ್ಟಲು 1898ರಲ್ಲಿ ಕೈಹಾಕಿದ್ದೂ ಅವರ ಕಾಲದಲ್ಲೇ. ಅದು ಮುಗಿದದ್ದು 1907ರಲ್ಲಿ, ಅವರು ತೀರಿಹೋಗಿ ಆರು ವರ್ಷಗಳಾದ ಮೇಲೆ. ಇನ್ನು ಶಿವನಸಮುದ್ರವಂತೂ ನೀರೇ.

1881ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿತು. ರಂಗಾಚಾರ್ಲು ದಿವಾನರಾದರು, ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದರು, 1883ರ ಆರಂಭದಲ್ಲಿ ತೀರಿಕೊಂಡರು. ಅವರ ಪೀಠಕ್ಕೆ ಬಂದ ಶೇಷಾದ್ರಿ ಅಯ್ಯರಿಗೆ ಆಗ ಮೂವತ್ತೆಂಟು ವರ್ಷವೂ ತುಂಬಿರಲಿಲ್ಲ. ಮುಂದೆ ಹದಿನೆಂಟು ವರ್ಷ ಅವರು ಆ ಸ್ಥಾನದಲ್ಲಿದ್ದರು. ಬರದ ಸಾಲ ಹೊತ್ತಿದ್ದ ಬೊಕ್ಕಸವನ್ನು ತುಂಬಿಸಿದರು; ರೈಲುದಾರಿಗಳನ್ನು ಬೆಳೆಸಿದರು; 1891ರಲ್ಲಿ ಸ್ಪರ್ಧಾಪರೀಕ್ಷೆಯ ಮೂಲಕ ಮೈಸೂರು ಸಿವಿಲ್ ಸರ್ವೀಸಿಗೆ ಜನರನ್ನು ಆರಿಸುವ ಕ್ರಮವನ್ನು ತಂದರು. ಕೋಲಾರದ ಚಿನ್ನದ ಗಣಿಗಳು ಇದೇ ಅವಧಿಯಲ್ಲಿ ಮೇಲೆದ್ದವು. ಅವುಗಳಿಂದ ಬರುತ್ತಿದ್ದ ರಾಜಧನ ಸಂಸ್ಥಾನದ ಆದಾಯದ ದೊಡ್ಡ ಆಧಾರವಾಯಿತು. 1894ರ ಡಿಸೆಂಬರಿನಲ್ಲಿ ಮಹಾರಾಜರು ಕಲ್ಕತ್ತೆಯಲ್ಲಿ ಅಕಾಲಮರಣಕ್ಕೆ ತುತ್ತಾದಾಗ ಯುವರಾಜರು ಇನ್ನೂ ಬಾಲಕರು. ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರೀಜೆಂಟರಾದರು; ದಿವಾನರ ಹೊಣೆ ಇಮ್ಮಡಿಸಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಇವೆಲ್ಲವನ್ನೂ ಚರಿತ್ರೆಯ ಪುಸ್ತಕಗಳಲ್ಲಿ ಓದಬಹುದು. ನಾನು ಬೇಗನೆ ದಾಟುತ್ತೇನೆ.

ದಾಟಲಾಗದ ಒಂದು ಸಂಗತಿಯಿದೆ. ಆ ಕಾಲದ ಮೈಸೂರಿಗರಿಗೆ ಶೇಷಾದ್ರಿ ಅಯ್ಯರ ಮೇಲೆ ದೊಡ್ಡ ದೂರಿತ್ತು. ಮೇಲಿನ ಹುದ್ದೆಗಳೆಲ್ಲ ಮದರಾಸಿನ ಕಡೆಯಿಂದ ಬಂದವರ ಪಾಲಾಗುತ್ತವೆ, ಈ ನೆಲದ ಮಕ್ಕಳು ಓದಿಯೂ ಹೊರಗೆ ನಿಲ್ಲುತ್ತಾರೆ ಎಂಬ ನೋವು ಸಭೆಗಳಲ್ಲಿ, ಪತ್ರಿಕೆಗಳಲ್ಲಿ ಕೇಳಿಬರುತ್ತಿತ್ತು. ಅದು ಬರಿಯ ಅಸೂಯೆಯ ಮಾತಲ್ಲ; ಅದರಲ್ಲಿ ನ್ಯಾಯವಿತ್ತೆಂದೇ ನನ್ನ ಎಣಿಕೆ. ಪ್ರಜಾಪ್ರತಿನಿಧಿ ಸಭೆಗೆ 1891ರಿಂದ ಚುನಾವಣೆಯ ಕ್ರಮ ಬಂದರೂ ಆ ಸಭೆಯ ಮಾತು ದಿವಾನರನ್ನು ಕಟ್ಟಿಹಾಕುವಂತಿರಲಿಲ್ಲ. ಕಟ್ಟಿಹಾಕಿಸಿಕೊಳ್ಳುವ ಸ್ವಭಾವವೂ ಅವರದಲ್ಲ. ಎಲ್ಲ ಹಿಡಿತವನ್ನೂ ತಮ್ಮ ಕೈಯಲ್ಲೇ ಇಟ್ಟುಕೊಂಡ ಆಡಳಿತಗಾರರು ಅವರು. ದೊಡ್ಡ ಕೆಲಸ ಮಾಡಿದವರಲ್ಲಿ ಈ ದೋಷವನ್ನು ನಾವು ಸಲೀಸಾಗಿ ಕ್ಷಮಿಸಿಬಿಡುತ್ತೇವೆ. ಕ್ಷಮಿಸುವ ಅಧಿಕಾರ ನಮಗಿಲ್ಲ. ಅದು ಆಗ ಬಾಗಿಲ ಹೊರಗೆ ನಿಂತವರಿಗೆ ಸೇರಿದ್ದು. ಆದರೆ ಇದೇ ಹಟದ ಮನುಷ್ಯ ತನ್ನ ಕೊನೆಯ ವರ್ಷಗಳಲ್ಲಿ ಹೊತ್ತ ಸಾಹಸವನ್ನು ಸಭೆಯೊಂದರ ಮತಕ್ಕೆ ಬಿಟ್ಟಿದ್ದರೆ ಅದು ನಡೆಯುತ್ತಿತ್ತೇ ಎಂಬ ಸಂದೇಹವೂ ನನ್ನನ್ನು ಬಿಡುವುದಿಲ್ಲ.

ಆ ಸಾಹಸ ಹೀಗೆ. ಕೋಲಾರದ ಗಣಿಗಳು ಆಳಕ್ಕೆ ಇಳಿದಂತೆ ನೀರೆತ್ತುವುದಕ್ಕೂ, ಕಲ್ಲು ಕುಟ್ಟುವುದಕ್ಕೂ, ಹಗ್ಗ ಎಳೆಯುವುದಕ್ಕೂ ಹೆಚ್ಚು ಹೆಚ್ಚು ಶಕ್ತಿ ಬೇಕಾಯಿತು. ಹಬೆಯಂತ್ರಗಳಿಗೆ ಸೌದೆಯನ್ನೂ ಕಲ್ಲಿದ್ದಲನ್ನೂ ದೂರದಿಂದ ತಂದು ಸುರಿಯಬೇಕಾಗಿತ್ತು; ವೆಚ್ಚ ಚಿನ್ನವನ್ನೇ ತಿನ್ನುತ್ತಿತ್ತು. ಇತ್ತ ಕಾವೇರಿ ಶಿವನಸಮುದ್ರದಲ್ಲಿ ಗಗನಚುಕ್ಕಿ ಭರಚುಕ್ಕಿಗಳಾಗಿ ಸುಮಾರು ನಾನೂರು ಅಡಿ ವ್ಯರ್ಥವಾಗಿ ಧುಮುಕುತ್ತಿತ್ತು. ವ್ಯರ್ಥವಾಗಿ ಎಂಬ ಮಾತನ್ನು ಕವಿಗಳು ಒಪ್ಪಲಾರರು. ಅದು ಎಂಜಿನಿಯರರ ಮಾತು. ಸಂಸ್ಥಾನದ ಎಂಜಿನಿಯರಿಂಗ್ ಇಲಾಖೆಯಲ್ಲಿದ್ದ ಎ. ಸಿ. ಜೋಲಿ ಡಿ ಲಾಟ್‌ಬಿನಿಯರ್ ಎಂಬ ಕೆನಡಾ ಮೂಲದ ಸೈನಿಕ ಎಂಜಿನಿಯರು ಆ ಬೀಳಿನಿಂದ ವಿದ್ಯುತ್ತನ್ನು ತೆಗೆದು ಗಣಿಗಳಿಗೆ ಕಳುಹಿಸಬಹುದೆಂದು ಯೋಜನೆ ಹೂಡಿದರು. ಯುರೋಪು ಅಮೆರಿಕಗಳಿಗೆ ಹೋಗಿ ಅಲ್ಲಿನ ವಿದ್ಯುದಾಗಾರಗಳನ್ನು ಕಂಡುಬಂದರು. ಶಿವನಸಮುದ್ರದಿಂದ ಗಣಿಗಳಿಗೆ 92 ಮೈಲಿ, ಈಗಿನ ಲೆಕ್ಕದಲ್ಲಿ ಸುಮಾರು 147 ಕಿಲೋಮೀಟರು.

ಈ ದೂರವೇ ಹುಡುಗಿಯ ಪ್ರಶ್ನೆಗೆ ಉತ್ತರ. ಗಣಿಗಳಿಗೆ ಬೇಕಾಗಿದ್ದುದು ಸುಮಾರು ನಾಲ್ಕು ಸಾವಿರ ಅಶ್ವಶಕ್ತಿ. ಒಂದು ಅಶ್ವಶಕ್ತಿ 746 ವಾಟ್ ಆದ್ದರಿಂದ ಹತ್ತಿರ ಹತ್ತಿರ ಮೂರು ಸಾವಿರ ಕಿಲೋವಾಟ್. ವಿದ್ಯುದಾಗಾರದ ಜನಕಯಂತ್ರಗಳು ಕೊಡುತ್ತಿದ್ದುದು ಸುಮಾರು 2,200 ವೋಲ್ಟ್. ಅದೇ ಒತ್ತಡದಲ್ಲಿ ತಂತಿಗೆ ಬಿಟ್ಟರೆ, ಶಾಲೆಯ ಸರಳ ಲೆಕ್ಕದಂತೆ ಭಾಗಿಸಿ ನೋಡಿ, 1,360 ಆಂಪಿಯರಿಗೂ ಮಿಕ್ಕ ಪ್ರವಾಹ ಹರಿಯಬೇಕಾಗುತ್ತದೆ. ತಂತಿ ಕಾಯುವುದು ಪ್ರವಾಹದ ವರ್ಗಕ್ಕೆ ಅನುಗುಣವಾಗಿ. ಪ್ರವಾಹ ಎರಡರಷ್ಟಾದರೆ ನಷ್ಟ ನಾಲ್ಕರಷ್ಟು. 92 ಮೈಲಿ ನಡೆಯುವಷ್ಟರಲ್ಲಿ ಕಾವೇರಿಯ ಬಲವೆಲ್ಲ ತಂತಿಯನ್ನು ಬಿಸಿಮಾಡುವುದರಲ್ಲೇ ಮುಗಿದುಹೋಗುತ್ತದೆ. ಆದರೆ ಪರಿವರ್ತಕದಿಂದ 35,000 ವೋಲ್ಟಿಗೆ ಏರಿಸಿದರೆ ಅದೇ ಶಕ್ತಿಗೆ ಸುಮಾರು 86 ಆಂಪಿಯರ್ ಸಾಕು. ಪ್ರವಾಹ ಹದಿನಾರರಲ್ಲಿ ಒಂದು ಪಾಲು. ನಷ್ಟ ಸುಮಾರು ಇನ್ನೂರೈವತ್ತರಲ್ಲಿ ಒಂದು ಪಾಲು. ಗಣಿಯ ಬಾಗಿಲಲ್ಲಿ ಮತ್ತೆ ಇಳಿಸಿಕೊಂಡರಾಯಿತು. ಹೀಗೆ ಏರಿಸಿ ಇಳಿಸುವ ಉಪಾಯ ಆ ಕಾಲದಲ್ಲಿ ಪರ್ಯಾಯ ವಿದ್ಯುತ್ತಿಗೆ ಮಾತ್ರ ಇತ್ತು. ಒಂದೇ ಸಮನೆ ಹರಿಯುವ ನೇರ ವಿದ್ಯುತ್ತಿನ ಸುತ್ತ ಕಾಂತಕ್ಷೇತ್ರ ಬದಲಾಗುವುದಿಲ್ಲ. ಬದಲಾಗದ ಕ್ಷೇತ್ರ ಪಕ್ಕದ ಸುರುಳಿಯಲ್ಲಿ ಏನನ್ನೂ ಪ್ರೇರಿಸುವುದಿಲ್ಲ. ಫ್ಯಾರಡೆ 1831ರಲ್ಲಿ ಕಬ್ಬಿಣದ ಬಳೆಗೆ ಎರಡು ಸುರುಳಿ ಸುತ್ತಿ ಕಂಡುಕೊಂಡ ಸತ್ಯ ಇದು.

ಇಂದು ಇದು ಪಠ್ಯಪುಸ್ತಕದ ಒಂದು ಪುಟ. 1899ರಲ್ಲಿ ಹಾಗಿರಲಿಲ್ಲ. ನೇರ ವಿದ್ಯುತ್ತೇ ಮೇಲೆಂದು ಎಡಿಸನ್ನನೂ, ಪರ್ಯಾಯವೇ ಮೇಲೆಂದು ವೆಸ್ಟಿಂಗ್‌ಹೌಸನೂ ಅಮೆರಿಕದಲ್ಲಿ ನಡೆಸಿದ ಕದನ ಆರಿ ಬಹುಕಾಲ ಆಗಿರಲಿಲ್ಲ. 1891ರಲ್ಲಿ ಜರ್ಮನಿಯ ಲಾಫೆನ್ನಿನಿಂದ ಫ್ರಾಂಕ್‌ಫರ್ಟಿಗೆ 175 ಕಿಲೋಮೀಟರ್ ದೂರ ವಿದ್ಯುತ್ ಸಾಗಿಸಿ ತೋರಿಸಿದ್ದುಂಟು. ಆದರೆ ಅದು ವಸ್ತುಪ್ರದರ್ಶನದ ಕೆಲ ತಿಂಗಳ ಚಮತ್ಕಾರ. 1896ರಲ್ಲಿ ನಯಾಗರದಿಂದ ಬಫಲೋ ನಗರಕ್ಕೆ ಹೋದ ತಂತಿ ನಲವತ್ತು ಕಿಲೋಮೀಟರಿನ ಆಸುಪಾಸು. ನಮ್ಮ ದೇಶದಲ್ಲಿ 1897ರಲ್ಲಿ ಡಾರ್ಜಿಲಿಂಗಿನ ಬಳಿ ಒಂದು ಚಿಕ್ಕ ಜಲವಿದ್ಯುತ್ ಕೇಂದ್ರವೂ, 1899ರಲ್ಲಿ ಕಲ್ಕತ್ತೆಯಲ್ಲಿ ಹಬೆಯ ಬಲದಿಂದ ನಡೆಯುವ ಒಂದು ಕೇಂದ್ರವೂ ಹುಟ್ಟಿದ್ದವು, ಅಷ್ಟೇ. ಇಂಥ ಹೊತ್ತಿನಲ್ಲಿ ಗುಡ್ಡ, ಕಾಡು, ಹೊಲಗಳ ಮೇಲೆ 92 ಮೈಲಿ ತಂತಿ ಎಳೆದು, ಸಿಡಿಲಿಗೂ ಮಳೆಗೂ ಒಡ್ಡಿ, ಅದರ ತುದಿಯಲ್ಲಿ ಗಣಿಯ ಯಂತ್ರಗಳನ್ನು ನೇತುಹಾಕುವುದು ಸಣ್ಣ ಮಾತಲ್ಲ. ಖಾಸಗಿ ಕಂಪನಿಗೆ ವಹಿಸದೆ ಸಂಸ್ಥಾನವೇ ಇದನ್ನು ಕೈಗೊಂಡಿತು. ಕೆಟ್ಟರೆ ಕೆಡುತ್ತಿದ್ದುದು ರೈತನ ಕಂದಾಯದ ಹಣ. ಇಪ್ಪತ್ತು ವರ್ಷ ಹಿಂದೆ ಬರದಲ್ಲಿ ಸತ್ತುಳಿದವರ ಹಣ. ಓಮನ ನಿಯಮ ಬಲ್ಲವರಿಗೆ ಲೆಕ್ಕ ನಂಬಿಕೆ ಕೊಟ್ಟೀತು. ಕಾನೂನು ಓದಿದ ದಿವಾನರಿಗೆ ನಂಬಲು ಇದ್ದುದು ತಮ್ಮ ಎಂಜಿನಿಯರ ಮಾತು ಒಂದೇ. ಅವರು ನಂಬಿದರು. ಗಣಿಗಳ ಆಡಳಿತ ನಡೆಸುತ್ತಿದ್ದ ಜಾನ್ ಟೇಲರ್ ಮತ್ತು ಮಕ್ಕಳ ಸಂಸ್ಥೆಯೊಡನೆ ಕರಾರು ಮಾಡಿಕೊಂಡರು. ವಿದ್ಯುದ್ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ, ಟರ್ಬೈನುಗಳು ಸ್ವಿಟ್ಸರ್ಲೆಂಡಿನ ಎಷರ್ ವಿಸ್ ಕಂಪನಿಯಿಂದ ಬರಬೇಕೆಂದು ಗೊತ್ತಾಯಿತು. ಆ ಭಾರದ ಯಂತ್ರಗಳನ್ನು ರೈಲುದಾರಿಯಿಂದಾಚೆ ಆನೆಗಳೂ ಗಾಡಿಗಳೂ ಎಳೆದುವೆಂದು ಹೇಳುತ್ತಾರೆ.

ಕೆಲಸ ನಡೆಯುತ್ತಿರುವಾಗಲೇ ದಿವಾನರ ದೇಹ ಸೋತಿತು. ಹದಿನೆಂಟು ವರ್ಷಗಳ ದುಡಿಮೆ, ಪ್ಲೇಗಿನ ದಿನಗಳ ದಣಿವು, ಕೂಡಿಬಂದ ಅನಾರೋಗ್ಯ. 1901ರಲ್ಲಿ ಅಧಿಕಾರವನ್ನು ಬಿಟ್ಟುಕೊಟ್ಟರು. ಅದೇ ವರ್ಷ ಸೆಪ್ಟೆಂಬರ್ 13ರಂದು ತೀರಿಕೊಂಡರು. ವಯಸ್ಸು ಐವತ್ತಾರು. ಬೀಳಿನ ತಳದಲ್ಲಿ ಆಗ ಗೋಡೆಗಳು ಏಳುತ್ತಿದ್ದವು.

1902ರ ಜೂನ್ ತಿಂಗಳ ಕೊನೆಯಲ್ಲಿ, ಅವರು ಹೋಗಿ ಒಂಬತ್ತು ತಿಂಗಳು ಕಳೆದ ಮೇಲೆ, ತಲಾ 720 ಕಿಲೋವಾಟಿನ ಆರು ಜನಕಯಂತ್ರಗಳ ಆ ಆಗಾರದಿಂದ ವಿದ್ಯುತ್ತು ಕೋಲಾರಕ್ಕೆ ಹರಿಯಿತು. ಪ್ರಪಂಚದಲ್ಲೇ ಅತ್ಯಂತ ಉದ್ದವಾದ ವಿದ್ಯುತ್ ಮಾರ್ಗಗಳ ಸಾಲಿಗೆ ಮೈಸೂರಿನ ತಂತಿ ಸೇರಿತು. ದಿವಾನರ ಪೀಠದಲ್ಲಿ ಆಗ ಇದ್ದವರು ಪಿ. ಎನ್. ಕೃಷ್ಣಮೂರ್ತಿಯವರು. ಆಗಸ್ಟಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರ ವಹಿಸಿಕೊಂಡರು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಅದೇ ವಿದ್ಯುತ್ತಿನ ದೀಪ ಉರಿಯಿತು. ಕಬ್ಬನ್ ಉದ್ಯಾನದಲ್ಲಿ ಶೇಷಾದ್ರಿ ಅಯ್ಯರ ಪ್ರತಿಮೆ ನಿಂತದ್ದು 1913ರಲ್ಲಿ. ದೂರುತ್ತಿದ್ದವರೂ ಹೊಗಳುತ್ತಿದ್ದವರೂ ಸೇರಿ ಅದನ್ನು ನೋಡಿರಬೇಕು.

ಇಷ್ಟನ್ನೂ ನಾನು ಒಂದೇ ಸಂಜೆ ಹೇಳಲಿಲ್ಲ. ನಾಲ್ಕೈದು ದಿನ ಹಿಡಿಯಿತು. ಹುಡುಗಿ ಕೇಳುತ್ತಾ ಕೇಳುತ್ತಾ ತನ್ನ ಊರಿನ ಸುದ್ದಿಯನ್ನು ಸೇರಿಸಿದಳು. ಪಾವಗಡ ತಾಲ್ಲೂಕಿನ ತಿರುಮಣಿ, ಬಳಸಮುದ್ರ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು ಹದಿಮೂರು ಸಾವಿರ ಎಕರೆಯಲ್ಲಿ 2018ರಿಂದೀಚೆಗೆ ಎದ್ದ ಸೌರ ವಿದ್ಯುತ್ ಉದ್ಯಾನವನ್ನು ವಾಚಕರು ಬಲ್ಲರು. ಅದರ ಸಾಮರ್ಥ್ಯ 2,050 ಮೆಗಾವಾಟ್. ಶಿವನಸಮುದ್ರದ ಮೊದಲ ಆಗಾರದಂಥವು ನಾನೂರಕ್ಕೂ ಮಿಕ್ಕಿ ಇದರೊಳಗೆ ಅಡಗುತ್ತವೆ. ಅವಳ ತಂದೆಯ ಹೊಲವೂ ಅದಕ್ಕೆ ಗುತ್ತಿಗೆ ಹೋಗಿದೆ. ಶೇಂಗಾ ಬಿತ್ತಿ ಮೋಡ ನೋಡುತ್ತಿದ್ದ ಕಡೆ ಈಗ ಮೋಡ ಬಾರದಿದ್ದರೇ ಒಳ್ಳೆಯದು ಎನ್ನುವಂತಾಗಿದೆ ಎಂದು ಅವಳು ನಗುತ್ತ ಹೇಳಿದಳು. ಹೊಲವಿಲ್ಲದೆ ಕೂಲಿಯನ್ನೇ ನಂಬಿದ್ದವರಿಗೆ ಗುತ್ತಿಗೆಯ ಹಣವೂ ಇಲ್ಲ, ಬಿತ್ತನೆಯ ಕೂಲಿಯೂ ಇಲ್ಲ ಎಂದು ಹೇಳುವಾಗ ನಗಲಿಲ್ಲ.

ಅಲ್ಲಿ ನಡೆಯುವುದು ದಿಷ್ಟೀಕರಣಕ್ಕೆ ವಿರುದ್ಧವಾದ ಕ್ರಿಯೆಯೆಂದು ಅವಳೇ ನನಗೆ ತಿಳಿಸಿಕೊಟ್ಟಳು. ಬಿಸಿಲಿನ ಹಲಗೆ ಕೊಡುವುದು ನೇರ ವಿದ್ಯುತ್ತು. ಅದನ್ನು ಇನ್ವರ್ಟರುಗಳು ಪರ್ಯಾಯವಾಗಿಸುತ್ತವೆ. ಪರಿವರ್ತಕಗಳು ಏರಿಸಿ ಏರಿಸಿ ಕೊನೆಗೆ ನಾಲ್ಕು ಲಕ್ಷ ವೋಲ್ಟಿನ ತಂತಿಗೆ ಸೇರಿಸುತ್ತವೆ. ಅದು ಊರೂರು ಸುತ್ತಿ, ಇಳಿದು ಇಳಿದು ನಮ್ಮ ಮನೆಗೆ ಬಂದು, ಅವಳ ಚಿಕ್ಕಮ್ಮನ ಮೊಬೈಲಿನ ಚಾರ್ಜರಿನಲ್ಲಿ ಡಯೋಡುಗಳನ್ನು ದಾಟಿ ಮತ್ತೆ ನೇರ ವಿದ್ಯುತ್ತಾಗುತ್ತದೆ. ಆ ಡಯೋಡು ಒಂದು ದಿಕ್ಕಿಗೆ ಬಾಗಿಲು ತೆರೆದು ಇನ್ನೊಂದಕ್ಕೆ ಮುಚ್ಚುತ್ತದೆ. ನಾಲ್ಕನ್ನು ಸೇತುವೆಯಂತೆ ಜೋಡಿಸಿದರೆ ಹಿಂದೆ ಬರುವ ಅಲೆಯೂ ಮುಂದಕ್ಕೇ ತಿರುಗುತ್ತದೆ. ಇದನ್ನು ಅವಳು ನಮ್ಮ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದಳು. ನನ್ನ ಹೆಂಡತಿ ಎರಡು ದಿನ ಆ ಚಿತ್ರವನ್ನು ಒರೆಸಲಿಲ್ಲ.

ಕೊನೆಯ ದಿನ ನಾನು, ಶಿವನಸಮುದ್ರದ ವಿದ್ಯುತ್ತು ಈಗಿನಂತೆ ಸೆಕೆಂಡಿಗೆ ಐವತ್ತು ಆವರ್ತದ್ದಾಗಿರಲಿಲ್ಲ, ಇಪ್ಪತ್ತೈದರದ್ದಾಗಿತ್ತು ಎಂದು ಮಾತಿನ ನಡುವೆ ಹೇಳಿದೆ. ಅವಳು ಪೆನ್ಸಿಲನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಯೋಚಿಸಿದಳು. ಒಂದು ಆವರ್ತದಲ್ಲಿ ಪ್ರವಾಹ ಎರಡು ಸಲ ಸೊನ್ನೆಗೆ ಬರುತ್ತದೆ. ಹಾಗಾದರೆ ಆಗಿನ ದೀಪಗಳು ಸೆಕೆಂಡಿಗೆ ಐವತ್ತು ಸಲ ಮಂಕಾಗುತ್ತಿದ್ದಿರಬೇಕು, ಕಣ್ಣಿಗೆ ಅದು ತಿಳಿಯುತ್ತಿತ್ತೇ ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಮರುದಿನ ಅವಳ ಭೌತಶಾಸ್ತ್ರದ ಮೇಷ್ಟರನ್ನು ಕೇಳೋಣವೆಂದು ಇಬ್ಬರೂ ಗೊತ್ತುಮಾಡಿಕೊಂಡೆವು.